‘ವಿವೇಚನೆ ಸಾಲದು’ ಎಂಬ ಷರಾ

1941ರ ಬೇಸಿಗೆಯ ಹೊತ್ತಿಗೆ ಅಮೆರಿಕದ ಸೇನೆಗೆ ಪೈಲಟ್‌ಗಳು ತುರ್ತಾಗಿ ಬೇಕಿದ್ದರು. ತರಬೇತಿಗೆ ಸೇರಿದ ಎಷ್ಟೋ ಮಂದಿ ಅರ್ಧದಲ್ಲೇ ಹೊರಬೀಳುತ್ತಿದ್ದರು. ಯಾಕೆ ಹೀಗಾಗುತ್ತಿದೆ ಎಂದು ಹುಡುಕುವ ಕೆಲಸ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ಅವರ ತಂಡಕ್ಕೆ ಬಂತು. ಹಾಗೆ ಹೊರಬಿದ್ದ 1,000 ಅಭ್ಯರ್ಥಿಗಳ ಬಗ್ಗೆ ಬೋಧಕರು ಬರೆದಿಟ್ಟಿದ್ದ ವರದಿಗಳನ್ನು ತಂಡ ಓದತೊಡಗಿತು. ಪುಟ ತಿರುವಿದಷ್ಟೂ ಅವೇ ಮಾತುಗಳು: ಹಾರಾಟದ ಸಹಜ ಸಾಮರ್ಥ್ಯವಿಲ್ಲ, ಪ್ರಗತಿ ಸಾಲದು, ಸ್ವಭಾವ ಒಗ್ಗುವುದಿಲ್ಲ, ವಿವೇಚನೆ ಸಾಲದು.

ಬೋಧಕರು ಸುಳ್ಳು ಬರೆದಿರಲಿಲ್ಲ. ಆದರೆ ‘ವಿವೇಚನೆ ಸಾಲದು’ ಎಂದು ಓದಿದವನಿಗೆ ಆ ಹುಡುಗ ಏನು ಮಾಡಿದ ಎಂಬುದು ಗೊತ್ತಾಗುವುದಿಲ್ಲ. ಇಳಿಯುವಾಗ ವೇಗ ತಗ್ಗಿಸಲಿಲ್ಲವೇ? ಬದಿಯಲ್ಲಿ ಬರುತ್ತಿದ್ದ ಇನ್ನೊಂದು ವಿಮಾನವನ್ನು ನೋಡಲಿಲ್ಲವೇ? ಮುಂದಿನ ವರ್ಷ ಯಾರನ್ನು ಆರಿಸಬೇಕು ಎಂಬುದಕ್ಕೆ ಇಂಥ ಷರಾ ಯಾವ ದಾರಿಯನ್ನೂ ತೋರದು. ಆ ರಾಶಿಯಲ್ಲಿ ಅಲ್ಲೊಂದು ಇಲ್ಲೊಂದು ವರದಿ ಮಾತ್ರ ನಡೆದದ್ದನ್ನು ನಡೆದ ಹಾಗೆ ಹೇಳಿತ್ತು. ಸಂಶೋಧಕರ ಕೈಗೆ ದಕ್ಕಿದ್ದು ಅವೇ.

ಅಲ್ಲಿಂದ ಪ್ರಶ್ನೆ ಕೇಳುವ ಕ್ರಮವೇ ಬದಲಾಯಿತು. ಯುದ್ಧದಿಂದ ಮರಳಿದ ಪೈಲಟ್‌ಗಳನ್ನು ‘ನಿಮಗೆ ತಲೆ ಸುತ್ತುತ್ತದೆಯೇ’ ಎಂದು ಕೇಳುವುದನ್ನು ಬಿಟ್ಟರು. ಹಾರಾಟದ ನಡುವೆ ಮೇಲು ಕೆಳಗು ತಿಳಿಯದಂತಾದ ಒಂದು ಸಂದರ್ಭವನ್ನು ನೆನಪಿಸಿಕೊಳ್ಳಿ, ಆಗ ಏನು ಕಂಡಿರಿ, ಏನು ಕೇಳಿಸಿತು, ಏನನ್ನಿಸಿತು ಎಂದು ಹೇಳಿಸಿದರು. ಬಂದ ಉತ್ತರಗಳಿಂದ ಕಾಕ್‌ಪಿಟ್‌ನ ವಿನ್ಯಾಸದಲ್ಲಿ ಏನೇನು ಬದಲಾಗಬೇಕು ಎಂಬ ಶಿಫಾರಸುಗಳೇ ಹುಟ್ಟಿದವು. 1944ರಲ್ಲಿ ನಾಯಕತ್ವದ ಅಧ್ಯಯನಕ್ಕೂ ಇದೇ ದಾರಿ ಹಿಡಿದರು. ಒಳ್ಳೆಯ ಅಧಿಕಾರಿಯ ಗುಣಗಳೇನು ಎಂದು ಪಟ್ಟಿ ಬರೆಸಲಿಲ್ಲ. ಒಪ್ಪಿಸಿದ ಕೆಲಸಕ್ಕೆ ನೆರವಾದ ಅಥವಾ ಅದನ್ನು ಕೆಡಿಸಿದ ಒಂದೊಂದು ಘಟನೆಯನ್ನು ಕಣ್ಣಾರೆ ಕಂಡವರಿಂದಲೇ ಹೇಳಿಸಿ, ಸಾವಿರಾರು ಘಟನೆಗಳನ್ನು ಕಲೆಹಾಕಿದರು. ಫ್ಲಾನಗನ್ 1954ರಲ್ಲಿ ಈ ಕ್ರಮವನ್ನು ‘ಸೈಕಲಾಜಿಕಲ್ ಬುಲೆಟಿನ್’ ಪತ್ರಿಕೆಯಲ್ಲಿ ವಿವರವಾಗಿ ಬರೆದರು. ಅದಕ್ಕೆ ‘ಕ್ರಿಟಿಕಲ್ ಇನ್ಸಿಡೆಂಟ್ ಟೆಕ್ನಿಕ್’ ಎಂಬ ಹೆಸರು ನಿಂತಿತು.

ಆ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪ್ರಸಂಗ ಕಾರ್ಖಾನೆಯದು. ಜನರಲ್ ಮೋಟರ್ಸ್‌ನ ಒಂದು ಘಟಕದಲ್ಲಿ ಫೋರ್‌ಮನ್‌ಗಳನ್ನು ಮೂರು ಗುಂಪು ಮಾಡಿ, ತಮ್ಮ ಕೈಕೆಳಗಿನವರ ಗಮನಾರ್ಹ ಕೆಲಸಗಳನ್ನು ಬರೆಯಲು ಹೇಳಿದರು. ಮೊದಲ ಗುಂಪು ದಿನಾ ಬರೆಯಬೇಕು, ಎರಡನೆಯದು ವಾರಕ್ಕೊಮ್ಮೆ, ಮೂರನೆಯದು ಎರಡು ವಾರ ಕಳೆದ ಮೇಲೆ ಒಮ್ಮೆ. ದಿನಾ ಬರೆದವರಿಂದ 315 ಘಟನೆ ಸಿಕ್ಕವು, ವಾರಕ್ಕೊಮ್ಮೆ ಬರೆದವರಿಂದ 155, ಕೊನೆಯವರಿಂದ ಬರೀ 63. ಎರಡೇ ವಾರದಲ್ಲಿ ಐದರಲ್ಲಿ ನಾಲ್ಕು ಪಾಲು ನೆನಪಿನಿಂದ ಜಾರಿತ್ತು. ನಾಲ್ಕು ವರ್ಷದ ಎಂಜಿನಿಯರಿಂಗ್ ಮುಗಿಸಿ, ಕೆಲಸ ಹುಡುಕುವ ರಾತ್ರಿ ರೆಸ್ಯೂಮೆ ಬರೆಯಲು ಕೂರುವ ಹುಡುಗಿಗೆ ಏನು ಉಳಿದಿರಬಹುದು, ಲೆಕ್ಕ ಹಾಕಿ.

ನೇಮಕಾತಿಯವರು ಈ ಕ್ರಮವನ್ನು ಕೈಗೆತ್ತಿಕೊಳ್ಳಲು ಸಮಯ ಹಿಡಿಯಿತು. 1970ರ ದಶಕದಲ್ಲಿ ವಿಲಿಯಂ ಬೈಯಮ್ ಅವರ ಸಂಸ್ಥೆ, ಅಭ್ಯರ್ಥಿ ಹಿಂದೆ ನಿಜವಾಗಿ ಮಾಡಿದ್ದನ್ನೇ ಕೇಳುವ ಸಂದರ್ಶನ ಪದ್ಧತಿಯನ್ನು ಕಂಪನಿಗಳಿಗೆ ಕಲಿಸತೊಡಗಿತು. ‘ನೀವು ಒಮ್ಮೆ ಹೀಗೆ ಮಾಡಿದ ಸಂದರ್ಭ ಹೇಳಿ’ ಎಂದು ಇಂದು ಎಲ್ಲರೂ ಕೇಳುವ ಪ್ರಶ್ನೆ ಬಂದದ್ದು ಈ ದಾರಿಯಲ್ಲೇ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದಾಗ, ಎಲ್ಲರಿಗೂ ಒಂದೇ ಪ್ರಶ್ನೆಗಳನ್ನಿಟ್ಟು ನಡೆಸುವ ಸಂದರ್ಶನಕ್ಕೂ ಮುಂದಿನ ಕೆಲಸದ ಗುಣಕ್ಕೂ ಇರುವ ಸಂಬಂಧ 0.51 ಇತ್ತು. ಎಷ್ಟು ವರ್ಷದ ಅನುಭವ ಎಂಬುದಕ್ಕೆ 0.18, ಎಷ್ಟು ವರ್ಷ ಓದಿದ್ದಾರೆ ಎಂಬುದಕ್ಕೆ 0.10. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಈ ಲೆಕ್ಕವನ್ನು ತಿದ್ದಿದರು. ಹಲವು ಅಂಕಿಗಳು ಇಳಿದವು, ಸಂದರ್ಶನದ್ದು 0.42ಕ್ಕೆ ಬಂತು. ಆದರೂ ಪಟ್ಟಿಯ ತುದಿಗೆ ಬಂದದ್ದು ಅದೇ.

ಈ ಪಾಠ ನಮ್ಮ ವಿದ್ಯಾರ್ಥಿಗಳ ರೆಸ್ಯೂಮೆಗೆ ಹೇಗೆ ಹೊಂದುತ್ತದೆ ಎಂದು ನೋಡಲು ಇನ್ನು ನಾಗಪುರಕ್ಕೆ ಬರೋಣ. ಈ ಊರಿನ ಹಳೆಯ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಶುರುವಾಯಿತು, 1962ರಿಂದ ನಮ್ಮ ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿದೆ. 2002ರಿಂದ ಅದು ವಿಎನ್‌ಐಟಿ, ಅಂದರೆ ವಿಶ್ವೇಶ್ವರಯ್ಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಸರ್ ಎಂವಿ ಅವರನ್ನು ‘ನುರಿತ, ಶ್ರಮಜೀವಿ ಎಂಜಿನಿಯರ್’ ಎಂದರೆ ತಪ್ಪೇನಿಲ್ಲ, ಆದರೆ ಆ ಮಾತು ಸಾವಿರ ಜನಕ್ಕೆ ಹೊಂದೀತು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಸ್ವಯಂಚಾಲಿತ ತೂಬುಬಾಗಿಲು ಕೂರಿಸಿದರು ಎಂದರೆ ಅದು ಒಬ್ಬರಿಗೇ ಸಲ್ಲುತ್ತದೆ.

ನಾಗಪುರದ ಮಿಹಾನ್ ಕೈಗಾರಿಕಾ ವಲಯದಲ್ಲಿ ಇನ್ಫೋಸಿಸ್, ಟಿಸಿಎಸ್, ಎಚ್‌ಸಿಎಲ್ ಇವೆ. ಇಂಥ ದೊಡ್ಡ ಕಂಪನಿಗಳು ಕ್ಯಾಂಪಸ್ಸಿಗೆ ಬಂದು, ಅಂಕದ ಮಿತಿ ಹಾಕಿ, ಪರೀಕ್ಷೆ ಇಟ್ಟು ಗುಂಪಾಗಿ ಆರಿಸುತ್ತವೆ. ಹತ್ತು ಜನರ ಸ್ಟಾರ್ಟಪ್‌ಗೆ ಅಂಥ ಏರ್ಪಾಟಿರುವುದು ಅಪರೂಪ. ಅಲ್ಲಿ ಅರ್ಜಿಯ ಮೇಲ್ ಓದುವವರು ಬಹಳ ಸಲ ಕಂಪನಿ ಕಟ್ಟಿದವರೇ. ತರಬೇತಿ ಕೊಡಲು ಬಿಡುವಿಲ್ಲ, ಹೊಸಬರು ಬಂದ ವಾರವೇ ಕೆಲಸಕ್ಕೆ ಕೈ ಹಾಕಬೇಕು. ಅವರ ಮುಂದೆ ‘ಟೀಮ್ ಪ್ಲೇಯರ್, ಬೇಗ ಕಲಿಯುವವ, ಪೈಥಾನ್ ಬಲ್ಲೆ’ ಎಂದು ಬರೆದು ಕಳಿಸಿದರೆ, ಆ ಬೋಧಕರು ಬರೆದ ಷರಾವನ್ನೇ ಹೊಗಳಿಕೆಯಾಗಿ ತಿರುಗಿಸಿ ಕೊಟ್ಟಂತೆ. ಓದಿದವರಿಗೆ ಏನೂ ತಿಳಿಯದು.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ನಾಗಪುರದ ಕಳಮನಾ ಮಾರುಕಟ್ಟೆಗೆ ಬರುವ ಕಿತ್ತಳೆಯನ್ನು ಫೋಟೊ ನೋಡಿ ವಿಂಗಡಿಸುವ ಪ್ರೋಗ್ರಾಮನ್ನು ನಾಲ್ವರು ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ ಮಾಡಿದ್ದಾರೆ. ರೆಸ್ಯೂಮೆಯಲ್ಲಿ ‘ಮಷೀನ್ ಲರ್ನಿಂಗ್ ಬಳಸಿ ಹಣ್ಣಿನ ವಿಂಗಡಣೆ’ ಎಂದು ಒಂದೇ ಸಾಲು. ಅದನ್ನೇ ಹೀಗೆ ಬರೆಯಬಹುದಿತ್ತು: ‘ಹಗಲು ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ನಮ್ಮ ಪ್ರೋಗ್ರಾಮ್ ಸರಿಯಾಗಿ ವಿಂಗಡಿಸುತ್ತಿತ್ತು. ಬೆಳಗಿನ ಜಾವ ಟ್ಯೂಬ್‌ಲೈಟ್ ಕೆಳಗೆ ಹಸಿರು ಛಾಯೆಯ ಒಳ್ಳೆ ಹಣ್ಣನ್ನೂ ಕಾಯಿ ಎನ್ನುತ್ತಿತ್ತು. ಫೋಟೊ ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳಿ ಕಾಗದ ಇಟ್ಟು, ಅದರ ಬಣ್ಣ ನೋಡಿ ಉಳಿದ ಬಣ್ಣ ಸರಿಪಡಿಸುವ ಭಾಗ ನಾನು ಬರೆದೆ. ಕೋಡ್ ಈ ಲಿಂಕ್‌ನಲ್ಲಿದೆ. ಫೋಟೊ ಸಂಗ್ರಹ ಮತ್ತು ಮಾದರಿಯ ತರಬೇತಿ ಉಳಿದ ಮೂವರದು.’ ಇದನ್ನು ಓದಿದವರಿಗೆ ಕೇಳಲು ಕೂಡಲೇ ಪ್ರಶ್ನೆ ಹುಟ್ಟುತ್ತದೆ: ಕಾಗದವೇ ಯಾಕೆ, ಕಾಗದ ಕೊಳೆಯಾದರೆ ಏನು ಮಾಡಿದಿರಿ? ಆ ಪ್ರಶ್ನೆ ಬಂತೆಂದರೆ ಸಂದರ್ಶನ ಶುರುವಾಯಿತೆಂದೇ ಅರ್ಥ, ಮಾತು ಅಭ್ಯರ್ಥಿ ಬಲ್ಲ ನೆಲದ ಮೇಲೆಯೇ ನಡೆಯುತ್ತದೆ.

ರೆಸ್ಯೂಮೆಯ ಆ ಕೊನೆಯ ವಾಕ್ಯ, ‘ಉಳಿದ ಮೂವರದು’ ಎಂಬುದು, ಬಹಳ ಮುಖ್ಯ ಎಂದು ನನಗನ್ನಿಸುತ್ತದೆ. ‘ನಾವು ಮಾಡಿದೆವು’ ಎಂದು ಬರೆಯುವುದು ನಮ್ಮಲ್ಲಿ ವಿನಯ, ಒಳ್ಳೆಯದೇ. ಆದರೆ ನೇಮಿಸಿಕೊಳ್ಳುವುದು ಒಬ್ಬರನ್ನು. ಯಾರ ಪಾಲು ಎಷ್ಟು ಎಂದು ನೇರವಾಗಿ ಹೇಳಿದರೆ ಗೆಳೆಯರಿಗೂ ನ್ಯಾಯ, ಓದುವವರಿಗೂ ನಂಬಿಕೆ.

ಟ್ಯೂಬ್‌ಲೈಟ್ ಕೆಳಗೆ ಪ್ರೋಗ್ರಾಮ್ ತಪ್ಪಿದ್ದನ್ನು ಅಳಿಸಿಬಿಡಬೇಕೆಂದು ಹಲವರು ಸಲಹೆ ಕೊಟ್ಟಾರು. ಫ್ಲಾನಗನ್ ತಂಡ ಸಫಲವಾದ ಘಟನೆಗಳ ಜೊತೆಗೆ ಕೆಟ್ಟುಹೋದವನ್ನೂ ಕೇಳಿಯೇ ಕಲೆಹಾಕಿತ್ತು. ಕೆಲಸ ಕೆಟ್ಟಾಗ ಒಬ್ಬ ಮೊದಲು ಏನು ನೋಡುತ್ತಾನೆ ಎಂಬುದು ಅಲ್ಲಿಯೇ ಕಾಣುವುದು, ಸ್ಟಾರ್ಟಪ್‌ನವರಿಗೆ ಬೇಕಾದದ್ದೂ ಅದೇ. ಅವರ ಉತ್ಪನ್ನವೂ ವಾರಕ್ಕೊಮ್ಮೆ ಎಲ್ಲಾದರೂ ಕೈ ಕೊಡುತ್ತಲೇ ಇರುತ್ತದೆ. ಹಾಗಾಗಿ, ಆ ಫೋರ್‌ಮನ್‌ಗಳಂತೆ ಮರೆತುಹೋಗುವ ಮುನ್ನ, ಎರಡನೇ ವರ್ಷದಲ್ಲಿರುವವರು ಇವತ್ತೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ದಿನಾ ಮಲಗುವ ಮುನ್ನ ತಾರೀಖು, ಏನು ಕೆಟ್ಟಿತು, ಏನು ಮಾಡಿದೆ, ಆಮೇಲೆ ಏನಾಯಿತು, ಎಲ್ಲ ಸೇರಿ ಮೂರು ಸಾಲು.