ಹೊಳೆಯ ಹಳೇ ಅಳತೆಯಿಂದ ಹೊಸ ನೆರೆ ನಕ್ಷೆ

ನಮ್ಮ ಅಡಿಕೆ ತೋಟ ಹೊಳೆ ಬದಿಯದ್ದು. ದೊಡ್ಡ ನೆರೆ ಬಂದರೆ ನೀರು ದಡ ಹತ್ತುವ ಮೊದಲೇ ತೋಡಿನ ಬಾಯಿಯಿಂದ ಹಿಂದೊತ್ತಿ, ಬೈಲು ತುಂಬಿ, ತೋಟದ ಹಿಂಬದಿಗೆ ಬರುತ್ತದೆ. ಹಳೇ ಕ್ರಮದ ನೆರೆ ಲೆಕ್ಕದಲ್ಲಿ ಈ ದಾರಿ ಸರಿಯಾಗಿ ಕಾಣುವುದಿಲ್ಲ. ಕಾಣಿಸಲು ಏನು ಮಾಡುತ್ತಾರೆ? ಈ ಕೆಲಸ ಬಲ್ಲ ಇಂಜಿನಿಯರ್ ಮಿತ್ರರಲ್ಲಿ ಕೇಳಿ ತಿಳಿದದ್ದು ಇಲ್ಲಿದೆ.

ಒನ್-ಡಿ, ಟೂ-ಡಿ

ಹಳೇ ಕ್ರಮ 'ಒನ್-ಡಿ'. ಹೊಳೆಗೆ ಅಡ್ಡಲಾಗಿ ಅಲ್ಲಲ್ಲಿ ದಡದಿಂದ ದಡಕ್ಕೆ ಅಳೆಯುತ್ತಾರೆ. ಇದು ಅಡ್ಡಛೇದ. ಒಂದು ಅಡ್ಡಛೇದಕ್ಕೆ ಒಂದೇ ನೀರಿನ ಮಟ್ಟ. ನೀರು ಹೊಳೆಯುದ್ದಕ್ಕೆ ಮಾತ್ರ ಹರಿಯುತ್ತದೆಂದು ಲೆಕ್ಕ. 'ಟೂ-ಡಿ'ಯಲ್ಲಿ ಹೊಳೆ, ಬೈಲು, ತೋಟವೆಲ್ಲ ಸಣ್ಣ ಸಣ್ಣ ಚೌಕ. ಒಂದರ ನೀರು ಪಕ್ಕದ ಯಾವ ಚೌಕಕ್ಕೂ ಹೋಗಬಹುದು. ಅಮೆರಿಕದ ಸೇನಾ ಇಂಜಿನಿಯರುಗಳ 'ಹೆಕ್-ರಾಸ್' ಎಂಬ ಉಚಿತ ಸಾಫ್ಟ್‌ವೇರ್ 1995ರಲ್ಲಿ ಬಂತು. ಅದಕ್ಕೆ ಟೂ-ಡಿ ಸೇರಿದ್ದು 2016ರಲ್ಲಿ.

ಹಳೇ ಅಳತೆ ಯಾಕೆ ಬೇಕು?

ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ತೆಗೆಯಬಹುದು. ಆದರೆ ಸಾಮಾನ್ಯ ಲೇಸರ್ ಹೊಳೆ ನೀರಿನ ಅಡಿಗೆ ಇಳಿಯದು. ತಳದ ಲೆಕ್ಕ ಇರುವುದು ಹಳೇ ಅಡ್ಡಛೇದಗಳಲ್ಲಿ. ಎರಡು ಅಡ್ಡಛೇದಗಳ ನಡುವಿನ ತಳವನ್ನು ಕಂಪ್ಯೂಟರ್ ಅಂದಾಜಿನಲ್ಲಿ ತುಂಬಿ, ಅದನ್ನು ನೆಲದ ನಕ್ಷೆಗೆ ಕೂರಿಸುತ್ತಾರೆ. ಎಚ್ಚರ ಬೇಕಾದದ್ದು ಇಲ್ಲೇ.

* ತುಂಬುವಾಗ ಹೊಳೆಯ ತಿರುವನ್ನೇ ಹಿಡಿದು ಹೋಗಬೇಕು. ನೇರ ಗೆರೆ ಎಳೆದರೆ ತಿರುವಿನಲ್ಲಿ ಹೊಳೆ ದಡದ ಮೇಲೆ ಹತ್ತುತ್ತದೆ!

* ಎರಡೂ ಅಳತೆಗೆ ಎತ್ತರದ ಬುಡ ಒಂದೇ ಇರಬೇಕು. ನಮ್ಮ ಕರಾವಳಿಯಲ್ಲಿ ಜಿಪಿಎಸ್ ಕೊಡುವ ಮೂಲ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ 80 ಮೀಟರಿಗಿಂತ ಹೆಚ್ಚು ವ್ಯತ್ಯಾಸ.

* ಕಟ್ಟಪುಣಿ, ಏರುರಸ್ತೆಗಳು ಚೌಕದ ಅಂಚಿಗೇ ಬರುವಂತೆ ಗೆರೆ ಹಾಕಬೇಕು. ಚೌಕದ ನಡುವೆ ಸಿಕ್ಕಿಬಿದ್ದರೆ ಏರಿ ಇಲ್ಲವೆಂಬಂತೆ ನೀರು ದಾಟಿಬಿಡುತ್ತದೆ.

* ನೀರಿಗೆ ನೆಲ ಕೊಡುವ ತಡೆಗೆ 'ಮ್ಯಾನಿಂಗ್' ಅಂಕಿ ಇದೆ. ಚೊಕ್ಕ ಹೊಳೆಗೆ ಸುಮಾರು 0.03, ದಟ್ಟ ಮರಗಳ ಜಾಗಕ್ಕೆ 0.1ರ ಆಸುಪಾಸು. ಒನ್-ಡಿಯಲ್ಲಿ ತಿರುವಿನ ತಡೆಯನ್ನೂ ಇದೇ ಅಂಕಿಗೆ ಸೇರಿಸಿರುತ್ತಾರೆ. ಟೂ-ಡಿ ಅದನ್ನು ಹೆಚ್ಚಿನ ಮಟ್ಟಿಗೆ ತಾನೇ ಲೆಕ್ಕ ಹಾಕುವುದರಿಂದ ಹಳೇ ಅಂಕಿ ಹಾಗೇ ಹಾಕಿದರೆ ತಡೆ ಎರಡು ಸಲ ಬೀಳುತ್ತದೆ. ನೀರಿನ ಮಟ್ಟ ಜಾಸ್ತಿ ತೋರಿಸುತ್ತದೆ.

ನಮ್ಮ ಪಾಲು

ನಕ್ಷೆ ಎಷ್ಟೇ ಚಂದ ಕಂಡರೂ, ನಿಜವಾಗಿ ಬಂದ ನೆರೆಗೆ ತಾಳೆ ನೋಡದೆ ನಂಬಬಾರದು. ಆ ಗುರುತು ಇರುವುದು ನಮ್ಮಲ್ಲೇ. ನೆರೆ ಬಂದಾಗ ಪಂಪ್‌ಶೆಡ್ಡಿನ ಗೋಡೆಯಲ್ಲಿ ನೀರು ನಿಂತ ಮಟ್ಟಕ್ಕೆ ಪೈಂಟಿನಲ್ಲಿ ಗೆರೆ ಹಾಕಿ, ತಾರೀಕು, ಗಂಟೆ ಬರೆದಿಡಿ. ನೀರು ಮೊದಲು ಯಾವ ದಿಕ್ಕಿನಿಂದ ಬಂತು, ಎಷ್ಟು ದಿನ ನಿಂತಿತು ಎಂಬುದೂ ಬೇಕು. ಹಳೇ ಸರ್ವೆಯ ನಂತರ ಮರಳು ತೆಗೆದು ಗುಂಡಿಯಾದ ಜಾಗ ಇದ್ದರೆ ತೋರಿಸಿಕೊಡಿ. ಅಲ್ಲಿನ ಅಡ್ಡಛೇದ ಹೊಸತಾಗಿ ಅಳೆಯಬೇಕು.

ಊರಿಗೆ ಕಿಂಡಿ ಅಣೆಕಟ್ಟೋ ಏರುರಸ್ತೆಯೋ ಬರುತ್ತದೆಂದಾದರೆ ಕೆಲಸ ಸುರುವಾಗುವ ಮೊದಲೇ ಕೇಳಿ: "ಹೊಳೆಯ ತಳ ಯಾವ ವರ್ಷದ ಅಳತೆ? ಯಾವ ನೆರೆಗೆ ತಾಳೆ ನೋಡಿದ್ದೀರಿ?" ಕಾಂಕ್ರೀಟ್ ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.