ಭಾರೀ ಫೈಲುಗಳಿಗೆ ತಂತಿಯೋ, ಬಸ್ಸೋ?

ಸೋಮಂದೇಪಲ್ಲಿ: ಇಲ್ಲಿಂದ ಹಿಂದೂಪುರ ದಾಟಿ ಕರ್ನಾಟಕದೊಳಗೆ ಹೋದರೆ ಗೌರಿಬಿದನೂರು. ಅದರ ಸಮೀಪದ ವೀಕ್ಷಣಾಲಯದಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ರೇಡಿಯೋ ದೂರದರ್ಶಕವೊಂದು 1997ರಿಂದ ಸೂರ್ಯನನ್ನು ಗಮನಿಸುತ್ತಿದೆ.

ಇಂತಹ ಕಡೆ ಆಂಟೆನಾ ಹಿಡಿದದ್ದನ್ನೆಲ್ಲ ಕಚ್ಚಾ ರೂಪದಲ್ಲೇ ಉಳಿಸಿಕೊಂಡರೆ ಫೈಲುಗಳು ಬೆಟ್ಟದಂತೆ ಬೆಳೆಯುತ್ತವೆ. ಲೆಕ್ಕ ಹಾಕಿ ನೋಡಿ. ಒಂದು ಟೆರಾಬೈಟ್ ಎಂದರೆ 8 ಲಕ್ಷ ಕೋಟಿ ಬಿಟ್. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಅದು ತಲುಪಲು 22 ಗಂಟೆ ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ! ಅದೇ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದರೆ ಅರ್ಧ ದಿನ ಸಾಕು.

ಇದು ತಮಾಷೆಯಲ್ಲ. 2019ರಲ್ಲಿ ಪ್ರಕಟವಾದ ಕಪ್ಪುಕುಳಿಯ ಮೊದಲ ಚಿತ್ರಕ್ಕಾಗಿ 2017ರ ಏಪ್ರಿಲ್‌ನಲ್ಲಿ ದಾಖಲಿಸಿದ ಮಾಹಿತಿ ಹಾರ್ಡ್ ಡಿಸ್ಕ್‌ಗಳಲ್ಲಿ ವಿಮಾನವೇರಿ ಅಮೆರಿಕ, ಜರ್ಮನಿ ತಲುಪಿತು. ಅದೇ ವೀಕ್ಷಣೆಯಲ್ಲಿ ಪಾಲ್ಗೊಂಡ ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ ಕಾಯಬೇಕಾಯಿತು.

ನಮ್ಮಲ್ಲಿ 2010ರಲ್ಲಿ ಅನುಮೋದನೆ ಪಡೆದ ರಾಷ್ಟ್ರೀಯ ಜ್ಞಾನ ಜಾಲ ಸಂಶೋಧನಾ ಸಂಸ್ಥೆಗಳನ್ನು ಗಿಗಾಬಿಟ್ ವೇಗದಲ್ಲಿ ಜೋಡಿಸಿದೆ. ಸೆಕೆಂಡಿಗೆ 10 ಗಿಗಾಬಿಟ್ ಪೂರ್ತಿ ಸಿಕ್ಕರೆ ಆ 22 ಗಂಟೆ 13-14 ನಿಮಿಷಕ್ಕಿಳಿಯುತ್ತದೆ. ಆದರೆ ದೂರದ ದಾರಿಯಲ್ಲಿ ಒಂದೇ ಧಾರೆಯಾಗಿ ಕಳಿಸಿದರೆ, 'ಮುಟ್ಟಿತು' ಎಂಬ ಉತ್ತರಕ್ಕೆ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ಫೈಲನ್ನು ತುಂಡು ಮಾಡಿ ಏಕಕಾಲಕ್ಕೆ ಹಲವು ಧಾರೆಗಳಲ್ಲಿ ಕಳಿಸುತ್ತಾರೆ. ಸಂಪರ್ಕ ಕಡಿದರೆ ನಿಂತಲ್ಲಿಂದಲೇ ಮತ್ತೆ ಶುರು.

ಬಸ್ಸಿನಲ್ಲಿ ಹೋಗಲಿ, ತಂತಿಯಲ್ಲಿ ಹೋಗಲಿ, ಕೊನೆಗೆ ಎರಡೂ ಕಡೆ 'ಚೆಕ್‌ಸಮ್' ಎಂಬ ಗುರುತು ಸಂಖ್ಯೆ ತೆಗೆದು ತಾಳೆ ನೋಡಬೇಕು. ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಹೊಂದುವುದಿಲ್ಲ. ನಿನ್ನೆಯ ಸೌರಜ್ವಾಲೆ ಇನ್ನೊಮ್ಮೆ ಕಾಣಸಿಗದು. ಹಾಗಾಗಿ ಸಂಖ್ಯೆ ಹೊಂದುವ ತನಕ ಮೂಲ ಡಿಸ್ಕನ್ನು ಅಳಿಸುವಂತಿಲ್ಲ.