ಖಾಯಂ ವಿಳಾಸ ಕೌಜಲಗಿ

ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ನಾನು ಜನರಿಂದ ಅರ್ಜಿ ತುಂಬಿಸಿಕೊಂಡವ. ‘ಖಾಯಂ ವಿಳಾಸ’, ‘ಸದ್ಯದ ವಿಳಾಸ’ ಇವೆರಡರ ವ್ಯತ್ಯಾಸವನ್ನು ಎಷ್ಟು ಮಂದಿಗೆ ತಿಳಿಸಿ ಹೇಳಿದ್ದೇನೋ! ಅದೇ ಪಾಠವನ್ನು ನಾನು ಕಲಿತದ್ದು ಎಪ್ಪತ್ತು ದಾಟಿದ ಮೇಲೆ, ಇಂಗ್ಲೆಂಡಿನ ಲೆಸ್ಟರ್ ಊರಿನ ಮಗನ ಮನೆಯಲ್ಲಿ.

ಕೌಜಲಗಿಯಿಂದ ಹೊರಡುವಾಗ ಚೀಲದಲ್ಲಿ ಗೋಕಾಕದ ಕರದಂಟು, ಶೇಂಗಾ ಚಟ್ನಿ, ಬಿ.ಪಿ. ಗುಳಿಗೆ ಎಲ್ಲ ಇದ್ದವು. ಪ್ರವಾಸ ವಿಮೆ ಮಾತ್ರ ಇರಲಿಲ್ಲ. ‘ಅಲ್ಲಿ ಹೋಗಿ ಮಾಡಿಸಿದರಾಯಿತು’ ಎಂದುಕೊಂಡಿದ್ದೆ.

ನಾಲ್ಕನೆಯ ದಿನ ಮೊಮ್ಮಗಳೊಂದಿಗೆ ಕಂಪ್ಯೂಟರ್ ಮುಂದೆ ಕುಳಿತೆ. ಭಾರತದ ಕಂಪನಿಯ ಅರ್ಜಿ, ‘ನೀವು ಈಗ ಭಾರತದಲ್ಲಿದ್ದೀರಾ? ಪ್ರಯಾಣ ಅಲ್ಲಿಂದಲೇ ಶುರುವೇ?’ ಎಂದಿತು. ಇಲ್ಲ. ಅಲ್ಲಿಯ ಕಂಪನಿಯ ಅರ್ಜಿ, ‘ನೀವು ಈ ದೇಶದ ನಿವಾಸಿಯೇ?’ ಎಂದಿತು. ಅದೂ ಇಲ್ಲ.

“ಅಜ್ಜಾ, ಹೌದು ಅಂತ ಒತ್ತಿಬಿಡ್ಲಾ?”

“ಬ್ಯಾಡವ್ವಾ. ಸುಳ್ಳು ಬರದ್ರ ರೊಕ್ಕಾನೂ ಹೋಗತೈತಿ, ವಿಮಾನೂ ಹೋಗತೈತಿ” ಅಂದೆ. ನಾಳೆ ನೋಡೋಣವೆಂದು ಎದ್ದೆವು.

ಮರುದಿನ ಬೆಳಿಗ್ಗೆ ನಮ್ಮ ಮನೆಯವರು ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಅಲ್ಲಿ ತುರ್ತು ವಿಭಾಗದ ಚಿಕಿತ್ಸೆ ಎಲ್ಲರಿಗೂ ಉಚಿತ. ಆದರೆ ಆಮೇಲಿನ ಚಿಕಿತ್ಸೆಗೆ ನಮ್ಮಂಥ ಪ್ರವಾಸಿಗರಿಂದ ಸಾಮಾನ್ಯ ದರದ ಒಂದೂವರೆ ಪಟ್ಟು ಪಡೆಯುತ್ತಾರೆ. ನನ್ನ ಎರಡು ತಿಂಗಳ ಪಿಂಚಣಿ ಅಲ್ಲೇ ಕರಗಿತು. ಬಂದಿಳಿದ ಮೇಲೂ ಸಿಗುವ, ಪ್ರವಾಸಿಗರದೇ ಆದ ಪಾಲಿಸಿಗಳಿವೆ. ಮುರಿದ ಮೇಲೆ ಕೊಂಡರೆ ಆ ಮುರಿದ ಕೈಗೆ ಅವು ಬರುವುದಿಲ್ಲ.

ಒಂದೇ ಮನೆಯಲ್ಲಿದ್ದರೂ ಮಗನಿಗೆ ಈ ಚಿಂತೆ ಇರಲಿಲ್ಲ. ಅವನದು ಕೆಲಸದ ವೀಸಾ. ವೀಸಾ ಪಡೆಯುವಾಗಲೇ ಆರೋಗ್ಯ ಶುಲ್ಕ ಕಟ್ಟಿದ್ದಾನೆ. 2024ರ ಫೆಬ್ರವರಿಯಿಂದ ಅದು ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಭಾರತದ ಪಾಸ್‌ಪೋರ್ಟ್ ಇದ್ದರೂ ಅವನು ಅಲ್ಲಿಯ ನಿವಾಸಿ. ಪ್ಯಾರಿಸ್ಸಿಗೆ ಹೊರಟರೆ ಅಲ್ಲಿಯ ಪ್ರವಾಸ ವಿಮೆ ಅವನಿಗೆ ಸಿಗುತ್ತದೆ. ನಮ್ಮದು ಆರು ತಿಂಗಳ ಭೇಟಿಯ ವೀಸಾ. ಎಷ್ಟು ದಿನ ಉಂಡು ಮಲಗಿದರೂ ನಾವು ಕೌಜಲಗಿಯ ನಿವಾಸಿಗಳೇ. ವಿಮೆಯವರು ನೋಡುವುದು ಪಾಸ್‌ಪೋರ್ಟಿನ ಬಣ್ಣವನ್ನಲ್ಲ, ನಿಮ್ಮ ಒಲೆ ಎಲ್ಲಿದೆ ಎಂಬುದನ್ನು.

ಫ್ರಾನ್ಸ್, ಜರ್ಮನಿ ಮೊದಲಾದ ಷೆಂಗೆನ್ ದೇಶಗಳ ವೀಸಾಕ್ಕಂತೂ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅದನ್ನು ಆದಷ್ಟೂ ತಾವು ವಾಸಿಸುವ ದೇಶದಲ್ಲೇ ಕೊಳ್ಳಬೇಕೆಂದು ಅವರ ನಿಯಮ.

ಹಿರಿಯರೇ, ವಿಮಾನದ ಟಿಕೆಟ್ ಆದೊಡನೆ ವಿಮೆಯನ್ನೂ ಇಲ್ಲೇ ಮಾಡಿಸಿ. ಹೊರಡುವ ದಿನದಿಂದ ಮರಳುವ ದಿನದವರೆಗೆ ಇರಲಿ. ಬಿ.ಪಿ., ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ. ಮಕ್ಕಳೇ, ಅರ್ಜಿಯ ಸಣ್ಣ ಅಕ್ಷರ ನಮ್ಮ ಕಣ್ಣಿಗೆ ಕಾಣದು. ಪಕ್ಕದಲ್ಲಿ ಕುಳಿತು ಓದಿ ಹೇಳಿ.

ಬರುವ ಬೇಸಿಗೆಗೆ ಮತ್ತೆ ಹೊರಟಿದ್ದೇವೆ. ಮೊನ್ನೆ ಫೋನಿನಲ್ಲಿ ಮೊಮ್ಮಗಳು ಮೊದಲು ಕೇಳಿದ್ದೇ ಇದು: “ಅಜ್ಜಾ, ಕರದಂಟು ಇರ್ಲಿ. ವಿಮಾ ಮಾಡಿಸಿದ್ರಿ?”